ಡಾಕ್ಟರ್ ಲೋಕಮ್ ಯಾವಾಗ ಬರ್ತಾರೆ?

ಅಜ್ಜಿಗೆ 88 ವರ್ಷ. ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಮೂರನೇ ದಿನ. ಬೆಳಗಿನ ರೌಂಡ್ಸ್‌ನಲ್ಲಿ ಅವರನ್ನು ನೋಡಿ ಮುಂದಿನ ಹಾಸಿಗೆಗೆ ಹೊರಟಾಗ ಕೈ ಹಿಡಿದು ನಿಲ್ಲಿಸಿದರು.

"ನೀವು ದಿನಾ ಬಂದು ನೋಡ್ತೀರಿ, ಸಂತೋಷ. ಆದ್ರೆ ನಮ್ಮ ದೊಡ್ಡ ಡಾಕ್ಟರು ಯಾವಾಗ ಬರ್ತಾರೆ? ಡಾಕ್ಟರ್ ಲೋಕಮ್?"

ತಲೆ ಎತ್ತಿ ನೋಡಿದೆ. ಪ್ರತಿ ಹಾಸಿಗೆಯ ಹಿಂದಿನ ಗೋಡೆಗೆ ಒಂದು ಬಿಳಿ ಬೋರ್ಡ್ ಇರುತ್ತದೆ. ರೋಗಿಯ ಹೆಸರು, ಇವತ್ತಿನ ನರ್ಸ್ ಹೆಸರು, ಕೆಳಗೆ ‘ಕನ್ಸಲ್ಟೆಂಟ್’ ಅಂತ ಒಂದು ಖಾನೆ. ಅಲ್ಲಿ ನೀಲಿ ಪೆನ್ನಿನಲ್ಲಿ ‘ಡಾ. ಲೋಕಮ್ 2’ ಅಂತ ಬರೆದಿತ್ತು.

"ಹೆಸರು ನೋಡಿದ್ರೆ ನಿಮ್ಮ ದೇಶದವರೇ ಅನ್ಸುತ್ತೆ" ಅಂದರು ಅಜ್ಜಿ.

ನಗು ತಡೆದುಕೊಂಡು "ಬರ್ತಾರೆ" ಅಂದೆ. ಲೋಕಮ್ ಅನ್ನೋದು ಹೆಸರಲ್ಲ. ಖಾಲಿ ಜಾಗಕ್ಕೆ ಏಜೆನ್ಸಿಯಿಂದ ಕರೆಸುವ ಬದಲಿ ಡಾಕ್ಟರಿಗೆ ಇಲ್ಲಿ ಇಂಗ್ಲೆಂಡಿನಲ್ಲಿ ಹಾಗನ್ನುತ್ತಾರೆ. ಆ ವಾರ ಏಜೆನ್ಸಿಯವರು ಯಾರನ್ನೂ ಕಳಿಸಿರಲಿಲ್ಲ. ಆದರೆ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಕನ್ಸಲ್ಟೆಂಟ್ ಹೆಸರಿಲ್ಲದೆ ಯಾರನ್ನೂ ಅಡ್ಮಿಟ್ ಮಾಡಿಕೊಳ್ಳಲ್ಲ. ಹಾಗಾಗಿ ಇಲ್ಲದ ಮನುಷ್ಯನಿಗೂ ಒಂದು ಹೆಸರು, ಹೆಸರಿನ ಪಕ್ಕ ಒಂದು ನಂಬರು.

ಇದು 2015ರ ಮಾತು. ನಾನು ತಿಪಟೂರಿನವನು. ಕರ್ನಾಟಕದಲ್ಲೇ ಎಂ.ಬಿ.ಬಿ.ಎಸ್., ಎಂ.ಡಿ. ಮುಗಿಸಿ, ಹೊರದೇಶದ ಡಾಕ್ಟರುಗಳು ಇಲ್ಲಿ ಕೆಲಸ ಮಾಡಲು ಬರೆಯುವ ಪ್ಲಾಬ್ ಪರೀಕ್ಷೆ ಬರೆದು ಇಂಗ್ಲೆಂಡಿಗೆ ಬಂದೆ. ಉತ್ತರದ ಕಡಲ ತೀರದ ಒಂದು ಸಣ್ಣ ಊರಿನ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಯಲ್ಲಿ ಕೆಲಸ. ಊರಿನ ಹೆಸರು, ಆಸ್ಪತ್ರೆಯ ಹೆಸರು ಬೇಡ. ವಯಸ್ಸಾದವರ ವಾರ್ಡು, ಅಂದರೆ ಜೀರಿಯಾಟ್ರಿಕ್ಸ್. ನಾಲ್ಕು ಕನ್ಸಲ್ಟೆಂಟ್ ಹುದ್ದೆಗಳಲ್ಲಿ ಎರಡು ಖಾಲಿ. ನಾನು ‘ಸ್ಪೆಷಾಲಿಟಿ ಡಾಕ್ಟರ್’. ಅಂದರೆ ಕಲಿಯುವವನೂ ಅಲ್ಲ, ಕನ್ಸಲ್ಟೆಂಟೂ ಅಲ್ಲ. ಮದುವೆಮನೆಯಲ್ಲಿ ಬಡಿಸೋಕೆ ನಿಂತ ನೆಂಟನ ಹಾಗೆ. ಎಲ್ಲ ಕೆಲಸಕ್ಕೂ ಬೇಕು, ಫೋಟೋಗೆ ನಿಲ್ಲೋಕೆ ಯಾರೂ ಕರೆಯಲ್ಲ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಲು ನೋಡಿದೆ. "ಕನ್ಸಲ್ಟೆಂಟ್ ಅಂದ್ರೆ ನಮ್ಮ ಬಸ್ ಸ್ಟ್ಯಾಂಡ್ ಹತ್ರ ವೀಸಾ ಮಾಡಿಸಿಕೊಡ್ತಾನಲ್ಲ, ಅವನಾ?" ಅಂದರು. ಅಕ್ಕನ ಮಗ ಬೆಂಗಳೂರಿನ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿದ್ದಾನೆ. ಅವನೂ ಕನ್ಸಲ್ಟೆಂಟೇ. ರಾತ್ರಿ ಪಾಳಿಯಲ್ಲಿ ಕೂತು ಲಂಡನ್ನಿನ ಗಿರಾಕಿಗಳಿಗೆ ಸ್ಲೈಡ್ ಮಾಡುತ್ತಾನೆ. ಬ್ರಿಟನ್ನಿನಲ್ಲಿ ಆ ಪದಕ್ಕೆ ಎರಡೂ ಅರ್ಥ ಇದೆ. ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಮೇಲಿನ, ರೋಗಿಯ ಪೂರ್ತಿ ಹೊಣೆ ಹೊರುವ ಹಿರಿಯ ವೈದ್ಯರೂ ಕನ್ಸಲ್ಟೆಂಟ್. ಆಸ್ಪತ್ರೆ ಹೇಗೆ ನಡೆಸಬೇಕು ಅಂತ ಹೇಳಲು ಬರುವ ಮ್ಯಾನೇಜ್‌ಮೆಂಟ್ ಸಲಹೆಗಾರರೂ ಕನ್ಸಲ್ಟೆಂಟ್. ಮುಂದಿನ ನಾಲ್ಕು ವರ್ಷ ನನ್ನ ಬದುಕು ಈ ಎರಡು ಕನ್ಸಲ್ಟೆಂಟ್‌ಗಳ ನಡುವೆ ಸಿಕ್ಕಿಕೊಂಡಿತು.

ಖಾಲಿ ಹುದ್ದೆಗೆ ಜಾಹೀರಾತು ಕೊಟ್ಟಿರಲಿಲ್ಲ ಅಂತಲ್ಲ. ಮೂರು ಸಲ ಕೊಟ್ಟರು. ಮೊದಲ ಸಲ ಒಬ್ಬರು ಅರ್ಜಿ ಹಾಕಿ, ಊರು ನೋಡಿಕೊಂಡು ಹೋಗಿ, ಬರಲ್ಲ ಅಂದರು. ಆಮೇಲೆ ಎರಡು ಸಲವೂ ಸೊನ್ನೆ. ನಮ್ಮದೊಂದೇ ಕಥೆಯಲ್ಲ ಇದು. ಇಲ್ಲಿಯ ವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ವರ್ಷವರ್ಷ ಗಣತಿ ಮಾಡುತ್ತದೆ. 2021ರ ಗಣತಿಯಲ್ಲಿ ಜಾಹೀರಾತು ಕೊಟ್ಟ ಕನ್ಸಲ್ಟೆಂಟ್ ಹುದ್ದೆಗಳಲ್ಲಿ 52% ತುಂಬಲೇ ಇಲ್ಲ. ಹಾಗೆ ಉಳಿದವುಗಳಲ್ಲಿ 74%ಕ್ಕೆ ಕಾರಣ, ಒಂದೇ ಒಂದು ಅರ್ಜಿಯೂ ಬಾರದ್ದು.

ಮೂರನೇ ಜಾಹೀರಾತೂ ಬಿದ್ದುಹೋದ ಮೇಲೆ ಒಂದು ದಿನ ಮೆಡಿಕಲ್ ಡೈರೆಕ್ಟರ್ ಕಾರಿಡಾರಿನಲ್ಲಿ ಸಿಕ್ಕರು. "ಅಲ್ಲಪ್ಪ, ಆ ಕೆಲಸ ಹೇಗೂ ನೀವೇ ಮಾಡ್ತಿದ್ದೀರಿ. ನೀವೇ ಯಾಕೆ ಅರ್ಜಿ ಹಾಕಬಾರದು?"

ಹಾಕುವ ಹಾಗಿರಲಿಲ್ಲ. ಕಾಯಂ ಕನ್ಸಲ್ಟೆಂಟ್ ಆಗಬೇಕಾದರೆ ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್‌ನ ತಜ್ಞರ ಪಟ್ಟಿಯಲ್ಲಿ, ಅಂದರೆ ಸ್ಪೆಷಲಿಸ್ಟ್ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಇಲ್ಲೇ ಟ್ರೇನಿಂಗ್ ಮುಗಿಸಿದವರ ಹೆಸರು ಸಲೀಸಾಗಿ ಸೇರುತ್ತದೆ. ಆದರೆ ಆ ಟ್ರೇನಿಂಗ್ ಸೀಟು ವೀಸಾದ ಮೇಲಿದ್ದ ನಮ್ಮಂಥವರಿಗೆ ಸಿಗುವುದು ಕಷ್ಟವಿತ್ತು. ಸ್ಥಳೀಯರು ಸಿಗದಿದ್ದರೆ ಮಾತ್ರ ಹೊರಗಿನವರಿಗೆ ಅನ್ನೋ ನಿಯಮ. ಎಲ್ಲ ವೈದ್ಯರನ್ನೂ ಜನರ ಕೊರತೆ ಇರುವ ಉದ್ಯೋಗಗಳ ಪಟ್ಟಿಗೆ ಸೇರಿಸಿ ಅದನ್ನು ತೆಗೆದದ್ದು 2019ರ ಅಕ್ಟೋಬರಿನಲ್ಲಿ. ನನ್ನ ವೀಸಾ ತೊಂದರೆ ಅದಕ್ಕೂ ಮೊದಲೇ ಮುಗಿಯಿತು, ನಿಜ. ಅಷ್ಟು ಹೊತ್ತಿಗೆ ನಲವತ್ತರ ಹತ್ತಿರ ಬಂದಿದ್ದೆ. ಸಂಬಳ ಇಳಿಸಿಕೊಂಡು, ಐದು ವರ್ಷ ಊರೂರು ತಿರುಗುತ್ತಾ, ದಿನಾ ಮಾಡುತ್ತಿದ್ದ ಕೆಲಸವನ್ನೇ ಮೊದಲಿನಿಂದ ಕಲಿಯಬೇಕಿತ್ತು. ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು.

ತಮಾಷೆ ಕೇಳಿ. ತಾತ್ಕಾಲಿಕ ಕನ್ಸಲ್ಟೆಂಟ್ ಆಗಲು ಆ ತಜ್ಞರ ಪಟ್ಟಿ ಬೇಕಾಗಿಲ್ಲ. ಏಜೆನ್ಸಿಯಿಂದ ಬಂದ ‘ಲೋಕಮ್ 2’ಗಳಲ್ಲಿ ಒಬ್ಬರಿದ್ದರು, ಅವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಒಳ್ಳೆಯ ಮನುಷ್ಯ. ಮೊದಲ ದಿನವೇ "ಇಲ್ಲಿ ಏನು ಎಲ್ಲಿದೆ ಸ್ವಲ್ಪ ಹೇಳಿಕೊಡಿ" ಅಂದರು. ಗಂಟೆಗೆ ನನ್ನ ಎರಡರಷ್ಟಕ್ಕಿಂತ ಜಾಸ್ತಿ ದುಡ್ಡು ಎಣಿಸುತ್ತಿದ್ದರು. ನಾನು ಹೇಳಿಕೊಟ್ಟೆ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಇನ್ನೂ ಒಂದಿದೆ. ಸೊಂಟ ಮುರಿದುಕೊಂಡು ಬರುವ ವೃದ್ಧರನ್ನು ಸರಿಯಾಗಿ ನೋಡಿಕೊಂಡರೆ ಆಸ್ಪತ್ರೆಗೆ ಹೆಚ್ಚುವರಿ ಹಣ ಕೊಡುವ ಏರ್ಪಾಡು 2010ರಿಂದ ಇಲ್ಲಿತ್ತು. ಪ್ರತಿ ರೋಗಿಗೆ ಸಾವಿರ ಪೌಂಡಿಗೂ ಮೇಲೆ. ಷರತ್ತುಗಳಲ್ಲಿ ಮುಖ್ಯವಾದವು ಎರಡು. 36 ಗಂಟೆಯೊಳಗೆ ಆಪರೇಷನ್ ಆಗಬೇಕು, 72 ಗಂಟೆಯೊಳಗೆ ಜೀರಿಯಾಟ್ರಿಷಿಯನ್ ನೋಡಿರಬೇಕು. ಯಾರು ಜೀರಿಯಾಟ್ರಿಷಿಯನ್? ನಿಯಮ ಓದಿದರೆ ನನ್ನ ದರ್ಜೆಯವರೂ ಲೆಕ್ಕಕ್ಕೆ ಬರುತ್ತಾರೆ. ಆ ಅಜ್ಜಿಯ ಕೇಸ್ ಶೀಟಿನಲ್ಲಿ ನನ್ನ ಸಹಿ ಬಿದ್ದದ್ದರಿಂದಲೇ ಆಸ್ಪತ್ರೆಗೆ ಆ ದುಡ್ಡು ಬಂತು. ಬಿಲ್ಲಿನಲ್ಲಿ ನಾನು ಜೀರಿಯಾಟ್ರಿಷಿಯನ್. ಬೋರ್ಡಿನಲ್ಲಿ ಡಾ. ಲೋಕಮ್.

ಇರುವ ದಾರಿ ಒಂದೇ, ಸೀಸರ್. ಸಿ, ಇ, ಎಸ್, ಆರ್ ಅಂತ ನಾಲ್ಕು ಅಕ್ಷರ, ನಾವೆಲ್ಲ ಸೀಸರ್ ಅಂತಲೇ ಕರೆಯುತ್ತೇವೆ. ನಾನು ಇಲ್ಲಿ ಟ್ರೇನಿಂಗ್ ಮಾಡಿಲ್ಲ, ಆದರೆ ಟ್ರೇನಿಂಗ್ ಮುಗಿಸಿದವನಿಗೆ ಸಮ ಅಂತ ಕಾಗದದಲ್ಲಿ ತೋರಿಸಬೇಕು. ಕಾಗದ ಅಂದರೆ ಎಷ್ಟು? ಎಂಟುನೂರರಿಂದ ಸಾವಿರ ಪುಟ.

ಏನೇನು ಬೇಕು ಅಂತ ಪಟ್ಟಿ ತೆಗೆದು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಇಲ್ಲಿಯ ಫಿಸಿಷಿಯನ್‌ಗಳ ಪರೀಕ್ಷೆ ಎಂ.ಆರ್.ಸಿ.ಪಿ. ಆಗಿತ್ತು. ಅದರ ಮೇಲೆ ಜೀರಿಯಾಟ್ರಿಕ್ಸ್‌ನದೇ ಇನ್ನೊಂದು ಪರೀಕ್ಷೆ ಬರೆಯಬೇಕು. ನಾನು ನೋಡಿದ ರೋಗಿಗಳ ಬಗ್ಗೆ ಹಿರಿಯರೊಬ್ಬರ ಜೊತೆ ಕೂತು ಚರ್ಚಿಸಿದ ದಾಖಲೆಗಳು ಬೇಕು. ವಾರ್ಡಿನ ಚಿಕಿತ್ಸೆ ಸರಿಯಾಗಿ ನಡೆದಿದೆಯಾ ಅಂತ ಆಡಿಟ್ ಮಾಡಿದ್ದು, ಆಡಿಟ್ ಆದಮೇಲೆ ಬದಲಾವಣೆ ತಂದದ್ದು, ಅದನ್ನು ಮತ್ತೆ ಆಡಿಟ್ ಮಾಡಿದ್ದು. ಪಾಠ ಮಾಡಿದ್ದಕ್ಕೆ ಕೇಳಿದವರು ಬರೆದ ಅಭಿಪ್ರಾಯ. ನರ್ಸ್‌ಗಳು, ಫಿಸಿಯೋಗಳು, ವಾರ್ಡ್ ಕ್ಲರ್ಕ್ ನನ್ನ ಬಗ್ಗೆ ಗುಟ್ಟಾಗಿ ಬರೆದ ಅಭಿಪ್ರಾಯ. ನಾನು ಡಾಕ್ಟರುಗಳಿಗೆ ಬರೆದ ಪತ್ರ, ರೋಗಿಗಳು ನನಗೆ ಬರೆದ ಪತ್ರ, ದೂರು ಬಂದಿದ್ದರೆ ದೂರು. ನನ್ನ ಕೆಲಸ ಕಂಡ ಆರು ಜನ ತುಂಬಿಕೊಡುವ ರೆಫರೆನ್ಸ್. ಇದ್ದ ಕನ್ಸಲ್ಟೆಂಟ್‌ಗಳೇ ಇಬ್ಬರು, ಆರು ಜನರನ್ನು ಎಲ್ಲಿಂದ ತರೋಣ? ನನ್ನ ಕೆಲಸ ಹತ್ತಿರದಿಂದ ಕಂಡ ಲೋಕಮ್‌ಗಳು ಆರು ತಿಂಗಳಿಗೊಬ್ಬರು ಬಂದು ಹೋದವರು. ಒಬ್ಬರು ನ್ಯೂಜಿಲೆಂಡಿನಲ್ಲಿ ಸಿಕ್ಕರು. ಇನ್ನೊಬ್ಬರ ಫೋನ್ ನಂಬರ್ ಏಜೆನ್ಸಿ ಕೊಡಲಿಲ್ಲ. ಕೊನೆಗೆ ಅವರು ಬಾಡಿಗೆಗಿದ್ದ ಮನೆಯ ಓನರ್ ಮೂಲಕ ಹುಡುಕಿದೆ.

ಊರಿನ ಕಾಗದಗಳದು ಇನ್ನೊಂದು ಪಾಡು. ನಾನು ಎಂ.ಡಿ. ಮಾಡುವಾಗ ಯಾವ ವಾರ್ಡಿನಲ್ಲಿ ಎಷ್ಟು ತಿಂಗಳು ಇದ್ದೆ ಅಂತ ಕಾಲೇಜಿನಿಂದ ಪತ್ರ ಬೇಕಿತ್ತು. ಅಕ್ಕ ಮೂರು ಸಲ ಹೋದಳು. ಮೊದಲ ಸಲ ಸಾಹೇಬರು ರಜೆ. ಎರಡನೇ ಸಲ "ಆ ವರ್ಷದ ರಿಜಿಸ್ಟರ್ ಗೆದ್ದಲು ಹಿಡಿದಿದೆ ಮೇಡಂ" ಅಂದರಂತೆ. ಮೂರನೇ ಸಲ ಅಕ್ಕ ಬುತ್ತಿ ಕಟ್ಟಿಕೊಂಡು ಹೋಗಿ ಬೆಂಚಿನ ಮೇಲೆ ಕೂತಳು. ಸಂಜೆ ನಾಲ್ಕಕ್ಕೆ ಪತ್ರ ಸಿಕ್ಕಿತು. ಗೆದ್ದಲು ಯಾವಾಗ ಬಿಟ್ಟಿತೋ ಗೊತ್ತಿಲ್ಲ.

ಈ ಎಲ್ಲ ಪುಟಗಳಲ್ಲೂ ರೋಗಿಯ ಹೆಸರು, ಹುಟ್ಟಿದ ದಿನ, ವಿಳಾಸ, ಆಸ್ಪತ್ರೆ ನಂಬರ್ ಕಾಣಬಾರದು. ಒಂದೇ ಒಂದು ಕಡೆ ಬಿಟ್ಟರೂ ರೋಗಿಯ ಗುಟ್ಟು ಕಾಯದ ಡಾಕ್ಟರ್ ಅಂತಾಗುತ್ತದೆ. ಹಾಗಾಗಿ ರಾತ್ರಿ ಊಟ ಆದಮೇಲೆ ಅಡುಗೆಮನೆ ಟೇಬಲ್ ಒರೆಸಿ, ನಾನೂ ಹೆಂಡತಿಯೂ ಕಪ್ಪು ಮಾರ್ಕರ್ ಹಿಡಿದು ಕೂರುತ್ತಿದ್ದೆವು. ಮಾರ್ಕರ್ ಹಚ್ಚಿದರೂ ಪುಟವನ್ನು ಲೈಟಿಗೆ ಹಿಡಿದರೆ ಹೆಸರು ಕಾಣುತ್ತಿತ್ತು. ಅದಕ್ಕೆ ಒಂದು ಸಲ ಹಚ್ಚಿ, ಜೆರಾಕ್ಸ್ ತೆಗೆದು, ಜೆರಾಕ್ಸ್ ಮೇಲೆ ಮತ್ತೊಂದು ಸಲ ಹಚ್ಚುವುದು. ಮನೆಯೆಲ್ಲ ಸ್ಪಿರಿಟ್ ವಾಸನೆ. ಮಗಳು ಒಂದು ದಿನ ಶಾಲೆಯಲ್ಲಿ ‘ನಮ್ಮಪ್ಪನ ಕೆಲಸ’ ಅಂತ ಚಿತ್ರ ಬರೆದಿದ್ದಳು. ಚಿತ್ರದಲ್ಲಿ ಸ್ಟೆತಸ್ಕೋಪ್ ಇರಲಿಲ್ಲ. ನಾನು ಕೂತು ಕಾಗದಕ್ಕೆ ಮಸಿ ಬಳಿಯುತ್ತಿದ್ದೆ.

ಮಸಿ ಬಳಿದ ಮೇಲೆ ಮುದ್ರೆ. ಆಗ ಎಲ್ಲ ಕಾಗದದಲ್ಲೇ ಕಳಿಸಬೇಕಿತ್ತು. ಇವು ನಿಜವಾಗಿ ಈ ಆಸ್ಪತ್ರೆಯ ದಾಖಲೆಗಳೇ ಅಂತ ಆಸ್ಪತ್ರೆಯವರೊಬ್ಬರು ಪುಟಪುಟಕ್ಕೂ ಮುದ್ರೆ ಒತ್ತಿ ಸಹಿ ಹಾಕಬೇಕು. ನಮ್ಮ ಇಬ್ಬರು ಕನ್ಸಲ್ಟೆಂಟ್‌ಗಳಲ್ಲಿ ಹಿರಿಯರೊಬ್ಬರು, ನಿವೃತ್ತಿಗೆ ಎರಡು ವರ್ಷ ಇದ್ದವರು, "ತಗೊಂಡು ಬಾ" ಅಂದರು. ಶುಕ್ರವಾರ ಸಂಜೆ ಐದಕ್ಕೆ ಶುರು ಮಾಡಿದರೆ ಏಳೂವರೆ. ನಾನು ಪುಟ ತಿರುಗಿಸುವುದು, ಅವರು ಒತ್ತುವುದು, ಗೀಚುವುದು. ಹೀಗೆ ಎಷ್ಟು ಶುಕ್ರವಾರ ಅಂತ ಲೆಕ್ಕ ಇಟ್ಟಿಲ್ಲ. ಅವರ ಹೆಂಡತಿ ಫೋನ್ ಮಾಡಿ ಬಯ್ಯುವುದು ನನಗೂ ಕೇಳುತ್ತಿತ್ತು.

ಇದರ ನಡುವೆ ಆ ಇನ್ನೊಂದು ಬಗೆಯ ಕನ್ಸಲ್ಟೆಂಟ್‌ಗಳು ಬಂದರು.

ಚಳಿಗಾಲದಲ್ಲಿ ಹಾಸಿಗೆ ಸಿಗದೆ ರೋಗಿಗಳು ಟ್ರಾಲಿಯ ಮೇಲೆ ರಾತ್ರಿ ಕಳೆದಿದ್ದರು. ಮೇಲಿನವರಿಂದ ಒತ್ತಡ ಬಂತು. ‘ರೋಗಿಗಳ ಹರಿವು’ ಸುಧಾರಿಸಲು ಒಂದು ಸಲಹಾ ಕಂಪನಿಯನ್ನು ಕರೆಸಿದರು. ಐದು ಜನ. ಒಳ್ಳೆಯ ಕೋಟು, ತೆಳ್ಳನೆ ಲ್ಯಾಪ್‌ಟಾಪ್, ಎಲ್ಲರೂ ಮೂವತ್ತರೊಳಗೆ. ನಮ್ಮ ಸೆಮಿನಾರ್ ರೂಮನ್ನು ಅವರಿಗೆ ಕೊಟ್ಟರು. ಜೂನಿಯರ್ ಡಾಕ್ಟರುಗಳ ಮಧ್ಯಾಹ್ನದ ಪಾಠ ಕ್ಯಾಂಟೀನಿನ ಮೂಲೆಗೆ ಹೋಯಿತು.

ಅವರಲ್ಲಿ ಒಬ್ಬ ಹುಡುಗಿ ನನ್ನನ್ನು ನಲವತ್ತು ನಿಮಿಷ ಮಾತಾಡಿಸಿದಳು. ವಯಸ್ಸಾದವರು ಮನೆಗೆ ಹೋಗುವುದು ಯಾಕೆ ತಡವಾಗುತ್ತೆ? ನಾನು ಹೇಳಿದೆ: ಮನೆಗೆ ಕಳಿಸುವ ನಿರ್ಧಾರ ಮಾಡುವವರು ಇಲ್ಲ. ಲೋಕಮ್ ಹೊಸಬರು, ರೋಗಿಯ ಪರಿಚಯ ಇಲ್ಲ, ಧೈರ್ಯ ಸಾಲದೆ ‘ಇನ್ನೊಂದು ದಿನ ನೋಡೋಣ’ ಅಂತಾರೆ. ಇನ್ನೊಂದು ದಿನದಲ್ಲಿ ರೋಗಿಗೆ ಕೆಮ್ಮು ಶುರುವಾಗುತ್ತೆ. ಆಮೇಲೆ ಹತ್ತು ದಿನ. ಅವಳು ಎಲ್ಲ ಬರೆದುಕೊಂಡಳು. ವಾರ್ಡ್ ಸಿಸ್ಟರ್ ಕೂಡ ಇದನ್ನೇ ಹೇಳಿದ್ದಳಂತೆ. ಅವಳು ಎರಡು ವರ್ಷದಿಂದ ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದಳು, ಯಾರೂ ಬರೆದುಕೊಂಡಿರಲಿಲ್ಲ ಅಷ್ಟೆ.

ಮೂರು ತಿಂಗಳಾದ ಮೇಲೆ ವರದಿ ಬಂತು. 64 ಸ್ಲೈಡು. ಹನ್ನೊಂದನೆಯದರಲ್ಲಿ ದೊಡ್ಡ ಅಕ್ಷರದಲ್ಲಿ ಇತ್ತು: ಹಿರಿಯ ವೈದ್ಯರ ಖಾಲಿ ಹುದ್ದೆಗಳನ್ನು ಆದ್ಯತೆಯ ಮೇಲೆ ತುಂಬಿರಿ. ಪಕ್ಕದಲ್ಲಿ ಹಸಿರು ಬಾಣದ ಗುರುತು. ಸಿಸ್ಟರ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಅಕ್ಕನ ಮಗನಿಗೆ ಇದನ್ನು ಹೇಳಿದೆ. "ಮಾಮ, ನಮ್ಮಲ್ಲಿ ಅದನ್ನ ಡೆಕ್ ಅಂತೀವಿ. ಗಿರಾಕಿಗೆ ಗೊತ್ತಿರೋದನ್ನ ಗಿರಾಕಿ ಹೇಳೋಕಾಗಲ್ಲ, ನಾವು ಹೇಳ್ಬೇಕು. ಅದಕ್ಕೇ ದುಡ್ಡು" ಅಂದ. ಹುಡುಗ ಬುದ್ಧಿವಂತ.

ಹಾಗಂತ ಅವರು ಏನೂ ಮಾಡಲಿಲ್ಲ ಅನ್ನಲಾರೆ. ಅದೇ ಹುಡುಗಿ ಎರಡು ದಿನ ಔಷಧದ ಕೌಂಟರ್ ಮುಂದೆ ಗಡಿಯಾರ ಹಿಡಿದು ನಿಂತಿದ್ದಳು. ಮನೆಗೆ ಹೋಗುವವರ ಮಾತ್ರೆ ಚೀಟಿ ಮಧ್ಯಾಹ್ನ ಮೂರರ ಮೇಲೆ ಬಂದರೆ ಔಷಧ ಸಿಗುವುದು ರಾತ್ರಿ, ಅಷ್ಟರಲ್ಲಿ ಆಂಬುಲೆನ್ಸ್ ಹೊರಟುಹೋಗಿರುತ್ತದೆ ಅಂತ ತೋರಿಸಿಕೊಟ್ಟಳು. ಹಿಂದಿನ ದಿನವೇ ಚೀಟಿ ಬರೆಯಲು ಶುರು ಮಾಡಿದೆವು. ಅದು ಇವತ್ತಿಗೂ ನಡೆಯುತ್ತಿದೆ. ನಮ್ಮ ಕಣ್ಣೆದುರಿಗೇ ಇದ್ದ ವಿಷಯ, ನಾವೇ ನೋಡಿರಲಿಲ್ಲ.

ಇದಕ್ಕೆಲ್ಲ ಎಷ್ಟಾಯಿತು? ಯಾರೂ ಹೇಳಲಿಲ್ಲ. ಆದರೆ ಗುಟ್ಟೇನಲ್ಲ. ಆಸ್ಪತ್ರೆಗಳನ್ನು ನಡೆಸುವ ಪ್ರತಿ ಎನ್‌ಎಚ್‌ಎಸ್ ಟ್ರಸ್ಟ್ ವರ್ಷದ ಲೆಕ್ಕಪತ್ರ ಪ್ರಕಟಿಸುತ್ತದೆ. ಅದರ ಹಿಂದಿನ ಪುಟಗಳಲ್ಲಿ ನಡೆಸುವ ಖರ್ಚಿನ ಟಿಪ್ಪಣಿ ಇರುತ್ತದೆ. ಔಷಧ, ಕಟ್ಟಡ, ವಿಮೆ, ಇವುಗಳ ನಡುವೆ ‘ಕನ್ಸಲ್ಟೆನ್ಸಿ ಕಾಸ್ಟ್ಸ್’ ಅಂತ ಒಂದು ಸಾಲು. ಒಂದು ರಾತ್ರಿ ಮಾರ್ಕರ್ ಕೆಳಗಿಟ್ಟು ಆ ಸಾಲನ್ನು ಹುಡುಕಿದೆ. ಖಾಲಿ ಇದ್ದ ಎರಡೂ ಹುದ್ದೆಗಳ ವರ್ಷದ ಸಂಬಳ ಸೇರಿಸಿದರೂ ಅದರ ಅರ್ಧ ಮುಟ್ಟುತ್ತಿರಲಿಲ್ಲ. ಏಜೆನ್ಸಿ ಲೋಕಮ್‌ಗಳ ಖರ್ಚು ಬೇರೆ ಸಾಲಿನಲ್ಲಿತ್ತು.

ಇಡೀ ಇಂಗ್ಲೆಂಡಿನ ಲೆಕ್ಕವೂ ಅದೇ ದಿಕ್ಕಿನಲ್ಲಿತ್ತು. ಎನ್‌ಎಚ್‌ಎಸ್ ಸಲಹಾ ಕಂಪನಿಗಳಿಗೆ 2010ರಲ್ಲಿ ಕೊಟ್ಟದ್ದು 31 ಕೋಟಿ 30 ಲಕ್ಷ ಪೌಂಡ್. 2014ರಲ್ಲಿ ಅದು 64 ಕೋಟಿ. 2015ರ ಜೂನ್‌ನಿಂದ 50 ಸಾವಿರ ಪೌಂಡ್ ದಾಟುವ ಸಲಹಾ ಕಾಂಟ್ರಾಕ್ಟ್‌ಗಳಿಗೆ ಮೇಲಿನಿಂದ ಅನುಮತಿ ಪಡೆಯಬೇಕು ಅಂತ ನಿಯಮ ಬಂತು. ನಮ್ಮಲ್ಲಿಗೆ ಬಂದವರು ಅನುಮತಿ ಪಡೆದೇ ಬಂದಿದ್ದರು. ಮುಂದೆ ಸಂಶೋಧಕರು 120 ಆಸ್ಪತ್ರೆ ಟ್ರಸ್ಟ್‌ಗಳ ನಾಲ್ಕು ವರ್ಷದ ಲೆಕ್ಕ ಇಟ್ಟುಕೊಂಡು ನೋಡಿದರು. ಸಲಹೆಗಾರರ ಮೇಲೆ ಜಾಸ್ತಿ ಖರ್ಚು ಮಾಡಿದ ಕಡೆ ಕೆಲಸ ಸುಧಾರಿಸಿರಲಿಲ್ಲ. ಸರಾಸರಿ ಸ್ವಲ್ಪ ಕೆಳಗೇ ಇಳಿದಿತ್ತು. ಆ ಔಷಧ ಚೀಟಿಯಂಥ ಒಳ್ಳೆಯದು ಅಲ್ಲೊಂದು ಇಲ್ಲೊಂದು ಆಗಿರಬೇಕು. ಸರಾಸರಿಯಲ್ಲಿ ಅದು ಎಲ್ಲಿ ಕಾಣುತ್ತೆ?

2017ರ ಬೇಸಿಗೆಯಲ್ಲಿ ನನ್ನ ಪೆಟ್ಟಿಗೆ ಹೊರಟಿತು. 940 ಪುಟ. ಅರ್ಜಿಯ ಫೀಸೇ ಒಂದೂವರೆ ಸಾವಿರ ಪೌಂಡಿಗೂ ಜಾಸ್ತಿ. ಪೋಸ್ಟ್ ಆಫೀಸಿನವರು ತೂಕ ಹಾಕಿ "ಏನಪ್ಪ, ಇಟ್ಟಿಗೆನಾ?" ಅಂದರು.

ತಿಂಗಳುಗಳಾದ ಮೇಲೆ ಉತ್ತರ ಬಂತು. ಇಲ್ಲ ಅಂತ.

ಪತ್ರವನ್ನು ಮೊದಲ ಸಲ ಓದಿದಾಗ ಕಣ್ಣು ಕತ್ತಲೆ ಬಂತು. ಎರಡನೇ ಸಲ ಸಮಾಧಾನದಿಂದ ಓದಿದೆ. ಸೊಂಟದ ಮೂಳೆ, ಬೀಳುವ ಸಮಸ್ಯೆ, ಸನ್ನಿ, ಮರೆವು, ಇದಕ್ಕೆಲ್ಲ ಪುರಾವೆ ಸಾಕಷ್ಟಿದೆ. ಆದರೆ ಕೊನೆಗಾಲದ ಆರೈಕೆ, ಮೂತ್ರ ತಡೆಯಲಾಗದವರ ಕ್ಲಿನಿಕ್, ವೃದ್ಧರ ಮಾನಸಿಕ ಆರೋಗ್ಯ, ಆಸ್ಪತ್ರೆಯ ಹೊರಗೆ ಮನೆಗಳಲ್ಲಿ ನೋಡುವ ಕೆಲಸ, ಇವುಗಳಲ್ಲಿ ಅನುಭವ ಸಾಲದು. ಬೇಜಾರಾದರೂ ಒಪ್ಪಬೇಕಾಯಿತು, ಅವರು ಹೇಳಿದ್ದು ಸರಿ. ವರ್ಷಾನುಗಟ್ಟಲೆ ಒಂದೇ ವಾರ್ಡಿನಲ್ಲಿ ಬೆಂಕಿ ಆರಿಸುತ್ತಾ ಇದ್ದವನು ನಾನು. ಮೂತ್ರ ತಡೆಯಲಾಗದ ಅಜ್ಜಿಯರಿಗೆ ಪ್ಯಾಡ್ ಬರೆದುಕೊಟ್ಟು ಮುಂದೆ ಹೋಗುತ್ತಿದ್ದೆ. ಅದಕ್ಕೆ ವ್ಯಾಯಾಮ ಇದೆ, ಮಾತ್ರೆ ಬದಲಿಸುವುದಿದೆ, ಗುಣ ಆಗುವವರೂ ಇದ್ದಾರೆ ಅಂತ ಪುಸ್ತಕದಲ್ಲಿ ಓದಿದ್ದೆ. ಮಾಡಿ ನೋಡಿರಲಿಲ್ಲ. ಕನ್ಸಲ್ಟೆಂಟ್ ಅಂತ ಬೋರ್ಡಿನ ಮೇಲೆ ಹೆಸರು ಬರೆಸಿಕೊಳ್ಳುವವನಿಗೆ ಇದು ಬರಬೇಡವಾ? ಬರಬೇಕು.

ಒಂದು ವರ್ಷದೊಳಗೆ ಕೊರತೆ ತುಂಬಿಕೊಂಡು ಮರುಪರಿಶೀಲನೆಗೆ ಹಾಕಬಹುದಿತ್ತು. ವಾರಕ್ಕೊಂದು ದಿನ, ಆರು ತಿಂಗಳು ಬೇರೆ ವಿಭಾಗಗಳಲ್ಲಿ ಕೆಲಸ ಮಾಡಲು ಬಿಡಿ ಅಂತ ಕೇಳಿದೆ. ಒಟ್ಟು 26 ದಿನ. ಮ್ಯಾನೇಜರ್ ನಿಜವಾಗಿಯೂ ಬೇಸರದಿಂದಲೇ ಹೇಳಿದರು: "ನಿಮ್ಮನ್ನ ಬಿಟ್ಟರೆ ಆ ದಿನ ವಾರ್ಡ್ ನೋಡೋರು ಯಾರು? ಲೋಕಮ್ ಹಾಕ್ಬೇಕು. ಬಜೆಟ್ ಇಲ್ಲ."

ಅದೇ ತಿಂಗಳು ಸಲಹಾ ಕಂಪನಿಯ ಎರಡನೇ ಹಂತಕ್ಕೆ ಮಂಜೂರಾತಿ ಸಿಕ್ಕಿತ್ತು. 64 ಸ್ಲೈಡುಗಳಲ್ಲಿ ಹೇಳಿದ್ದನ್ನು ಜಾರಿಗೆ ತರುವುದು ಹೇಗೆ ಅಂತ ಹೇಳುವ ಹಂತ. ಹನ್ನೊಂದನೇ ಸ್ಲೈಡ್ ಸೇರಿ.

ಹಣಕಾಸು ವಿಭಾಗದಲ್ಲಿ ನನಗೆ ಪರಿಚಯದವರೊಬ್ಬರಿದ್ದರು. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಬಿಡಿಸಿ ಹೇಳಿದರು. "ಎರಡೂ ಬೇರೆ ಬೇರೆ ಜೇಬು. ಅದು ಸುಧಾರಣೆಯ ದುಡ್ಡು, ಒಂದೇ ಸಲಕ್ಕೆ ಬರೋದು, ವರ್ಷದೊಳಗೆ ಖರ್ಚು ಮಾಡ್ಬೇಕು. ನಿಮ್ಮದು ವಾರ್ಡಿನ ದುಡ್ಡು, ಅದು ಈಗಾಗಲೇ ಲೋಕಮ್‌ಗೆ ಮುಗಿದಿದೆ. ಒಂದರಿಂದ ಇನ್ನೊಂದಕ್ಕೆ ಹಾಕೋ ಹಾಗಿಲ್ಲ." ಅಂದರೆ ಲೋಕಮ್ ಬೇಡವಾಗುವ ಹಾಗೆ ಮಾಡಲು ನಾನು ಹೊರಗೆ ಹೋಗಬೇಕು. ನಾನು ಹೊರಗೆ ಹೋಗಲು ಲೋಕಮ್ ಬೇಕು. ಲೋಕಮ್‌ಗೇ ದುಡ್ಡು ಮುಗಿದಿದೆ. ಅವರು ಒಳ್ಳೆಯ ಅಕೌಂಟೆಂಟ್. ನಾನು ಹೀಗೆ ಹೇಳಿದಾಗ ಕಾಫಿ ಕಪ್ಪಿನೊಳಗೇ ನೋಡುತ್ತಾ ಕೂತರು.

ಕೊನೆಗೆ ನನ್ನ ವರ್ಷದ ರಜೆಯನ್ನೇ ಹಾಕಿದೆ. ಆ ವರ್ಷ ಊರಿಗೆ ಹೋಗಲಿಲ್ಲ. ತಂಗಿಯ ಮಗನ ನಾಮಕರಣ ವಿಡಿಯೋದಲ್ಲಿ ನೋಡಿದೆ. ಗುರುವಾರ ಗುರುವಾರ ಕೊನೆಗಾಲದವರನ್ನು ನೋಡಿಕೊಳ್ಳುವ ಹಾಸ್ಪಿಸ್, ಮಾನಸಿಕ ಆರೋಗ್ಯದ ಕ್ಲಿನಿಕ್, ಜಿಲ್ಲಾ ನರ್ಸ್ ಜೊತೆ ಮನೆಮನೆ. ಹಳ್ಳಿಯ ಮನೆಯೊಂದರಲ್ಲಿ 91 ವರ್ಷದ ಅಜ್ಜ ತನ್ನ ಮಾತ್ರೆಗಳನ್ನೆಲ್ಲ ಒಂದೇ ಬಿಸ್ಕತ್ ಡಬ್ಬಿಯಲ್ಲಿ ಸುರಿದುಕೊಂಡು, ಬೆಳಿಗ್ಗೆ ಒಂದು ಹಿಡಿ ತೆಗೆದು "ಇವತ್ತು ಬಿಳಿಯದು ಜಾಸ್ತಿ ಬಂತು" ಅನ್ನುತ್ತಿದ್ದ. ಆಸ್ಪತ್ರೆಯಲ್ಲಿ ನಾನು ಬರೆದುಕೊಟ್ಟ ಮಾತ್ರೆಗಳೇ ಅವು. ಆ ಡಬ್ಬಿ ನೋಡಿದ ಮೇಲೆ ಚೀಟಿ ಬರೆಯುವಾಗ ನನ್ನ ಕೈ ಸ್ವಲ್ಪ ಬಿಗಿಯಾಯಿತು.

ಮತ್ತೆ 210 ಪುಟ. ಮತ್ತೆ ಮಾರ್ಕರ್. ಮತ್ತೆ ಶುಕ್ರವಾರದ ಮುದ್ರೆ. ಹಿರಿಯರಿಗೆ ನಿವೃತ್ತಿಗೆ ಆರು ವಾರ ಇತ್ತು. 2018ರ ಕೊನೆಯಲ್ಲಿ ಇಮೇಲ್ ಬಂದಾಗ ನಾನು ವಾರ್ಡಿನ ಲಿಫ್ಟಿನಲ್ಲಿದ್ದೆ. ಸಿಗ್ನಲ್ ಹೋಯಿತು. ‘ಅಭಿನಂದನೆಗಳು’ ಅನ್ನೋವರೆಗೂ ಓದಿ ಉಳಿದದ್ದು ಓದಲು ಎರಡು ಮಹಡಿ ಇಳಿಯಬೇಕಾಯಿತು.

ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕೆಲಸ ಸಿಗಲ್ಲ. ನಾಲ್ಕನೇ ಸಲ ಜಾಹೀರಾತು ಹೋಯಿತು. ಅರ್ಜಿ ಒಂದೇ, ನನ್ನದು. ಸಂದರ್ಶನಕ್ಕೆ ಕೂತವರು ಮಾತ್ರ ಐದು ಜನ. ಅಧ್ಯಕ್ಷರು ವೈದ್ಯರಲ್ಲದ ಸಾರ್ವಜನಿಕರೊಬ್ಬರು, ರಾಯಲ್ ಕಾಲೇಜಿನಿಂದ ಹೊರಗಿನ ತಜ್ಞರೊಬ್ಬರು, ಮೆಡಿಕಲ್ ಡೈರೆಕ್ಟರ್, ಚೀಫ್ ಎಕ್ಸಿಕ್ಯೂಟಿವ್ ಕಡೆಯಿಂದ ಒಬ್ಬರು, ನಮ್ಮ ವಿಭಾಗದ ಒಬ್ಬರು. ನಾಲ್ವರು ನನಗೆ ಮೊದಲೇ ಪರಿಚಯದವರೇ. ಆದರೂ ಎಲ್ಲರೂ ಟೈ ಕಟ್ಟಿಕೊಂಡು, ನನ್ನನ್ನು ಮೊದಲ ಸಲ ನೋಡಿದ ಹಾಗೆ ಕೈಕುಲುಕಿದರು. "ಈ ಆಸ್ಪತ್ರೆಯ ಬಗ್ಗೆ ನಿಮಗೆ ಏನು ಗೊತ್ತು?" ಅಂತ ಕೇಳಿದರು. ಯಾವ ಬಾತ್‌ರೂಮಿನ ನಲ್ಲಿ ಸೋರುತ್ತೆ ಅನ್ನೋದರಿಂದ ಶುರು ಮಾಡಲಾ ಅಂತ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಹೊರಗಿನ ತಜ್ಞರು ಕೇಳಿದ ಒಂದು ಪ್ರಶ್ನೆ ಮಾತ್ರ ನೆನಪಿದೆ. "ಇಷ್ಟು ವರ್ಷ ಯಾಕೆ ಬಿಟ್ಟುಹೋಗಲಿಲ್ಲ?" ನನ್ನ ಹತ್ತಿರ ದೊಡ್ಡ ಉತ್ತರ ಇರಲಿಲ್ಲ. "ಮಗಳ ಶಾಲೆ ಹತ್ತಿರ ಸಾರ್" ಅಂದೆ. ಅವರು ನಕ್ಕು ಬರೆದುಕೊಂಡರು.

ಸಂಜೆ ಕಾರ್ ಪಾರ್ಕಿಂಗಿನಲ್ಲಿ ಫೋನ್ ಬಂತು. ಅಮ್ಮನಿಗೆ ಹೇಳಿದೆ. "ಹಂಗಾದ್ರೆ ಇಷ್ಟು ದಿನ ಏನಾಗಿದ್ದೆ?" ಅಂದರು.

ಮೊದಲ ಸೋಮವಾರ ವಾರ್ಡಿಗೆ ಹೋದಾಗ ಸಿಸ್ಟರ್ ನೀಲಿ ಪೆನ್ನು ಕೊಟ್ಟಳು. ಹನ್ನೆರಡು ಹಾಸಿಗೆ, ಹನ್ನೆರಡು ಬೋರ್ಡು. ‘ಲೋಕಮ್ 2’ ಅಷ್ಟು ವರ್ಷ ಅಲ್ಲೇ ಇದ್ದು ಇಂಕು ಹಿಡಿದುಬಿಟ್ಟಿತ್ತು. ಬಟ್ಟೆಯಲ್ಲಿ ಒರೆಸಿದರೆ ಹೋಗಲಿಲ್ಲ. ಸ್ಯಾನಿಟೈಸರ್ ಹಾಕಿ ಉಜ್ಜಬೇಕಾಯಿತು. ಅಡುಗೆಮನೆಯ ಮಾರ್ಕರ್ ವಾಸನೆಯೇ ಬಂತು. ನನ್ನ ಹೆಸರು ಖಾನೆಗೆ ಹಿಡಿಸಲಿಲ್ಲ, ಕೊನೆಯ ಎರಡು ಅಕ್ಷರ ಗೋಡೆಯ ಅಂಚಿಗೆ ಹೋದವು.

ಈಗ ಕಾಗದ ಇಲ್ಲ, ಮುದ್ರೆ ಇಲ್ಲ. ಎಲ್ಲ ಅಪ್‌ಲೋಡ್. 2023ರ ನವೆಂಬರ್ ಕೊನೆಯಿಂದ ಸೀಸರ್ ಅನ್ನೋ ಹೆಸರೂ ಹೋಗಿ ಪೋರ್ಟ್‌ಫೋಲಿಯೋ ದಾರಿ ಅಂತಾಗಿದೆ. ಇಲ್ಲಿಯ ಟ್ರೇನಿಂಗಿಗೆ ಸಮ ಅಂತ ತೋರಿಸಬೇಕಾಗಿಲ್ಲ, ಇಲ್ಲಿ ತಜ್ಞನಾಗಿ ಕೆಲಸ ಮಾಡಲು ಬೇಕಾದ ತಿಳಿವು, ಕೈಚಳಕ, ಅನುಭವ ಇದೆ ಅಂತ ತೋರಿಸಿದರೆ ಆಯಿತು. ನಮ್ಮ ವಾರ್ಡಿನಲ್ಲಿ ಸುಡಾನಿನಿಂದ ಬಂದ ಸ್ಪೆಷಾಲಿಟಿ ಡಾಕ್ಟರ್ ಒಬ್ಬರಿದ್ದಾರೆ. ಅವರು ಈಗ ಅರ್ಧ ದಾರಿಯಲ್ಲಿದ್ದಾರೆ. ಅವರನ್ನು ಗುರುವಾರ ಮೂತ್ರದ ಕ್ಲಿನಿಕ್ಕಿಗೆ ಬಿಡಬೇಕು. ಆ ದಿನ ಅವರ ರೋಗಿಗಳನ್ನು ನಾನೇ ನೋಡುತ್ತೇನೆ, ಬಜೆಟ್ ಯಾರನ್ನೂ ಕೇಳಿಲ್ಲ. ಅವರ ಬದಿಯ ಹನ್ನೆರಡು ಬೋರ್ಡುಗಳ ಮೇಲೆ ‘ಡಾ. ಲೋಕಮ್ 1’ ಅಂತಲೇ ಇದೆ.